ಕಣ್ಣು ಎದುರಿನವನ ಕಾಲಿನ ಮೇಲೆ

ಕಳೆದ ಜುಲೈನಲ್ಲಿ ಒಂದು ದಿನ ಮುಂಬಯಿಯ ಸಾಯನ್, ಕುರ್ಲಾ ನಡುವೆ ಹಳಿ ಮುಳುಗಿ ಲೋಕಲ್ ಗಾಡಿಗಳೆಲ್ಲ ನಿಂತುಹೋದವು. ಡೊಂಬಿವಲಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ನನಗೆ ಆಫೀಸಿಲ್ಲ, ಅಕ್ಕನ ಮಗನಿಗೆ ಶಾಲೆ ಇಲ್ಲ. ಅಕ್ಕನ ಮನೆ ನಮ್ಮ ಕೆಳಗಿನ ಮಹಡಿಯಲ್ಲೇ. ಹತ್ತು ಗಂಟೆಗೆ ಹುಡುಗ ಮೇಲೆ ಬಂದ, ಕೈಯಲ್ಲಿ ಕಂಟ್ರೋಲರ್.

ಅವನಿಗೆ ಹದಿಮೂರು ವರ್ಷ. ಹುಟ್ಟುಹಬ್ಬಕ್ಕೆ ಸ್ಟ್ರೀಟ್ ಫೈಟರ್ 6 ಸಿಕ್ಕಿತ್ತು, ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿಡಿಯೋ ಗೇಮ್. ಎರಡು ವಾರದಿಂದ ಆನ್‌ಲೈನ್‌ನಲ್ಲಿ ಆಡುತ್ತಿದ್ದ. ಸೋತು ಸೋತು ಮುಖ ಸಣ್ಣದಾಗಿತ್ತು.

"ಮಾವ, ನಂಗೆ ಎಂತ ಮಾಡಿದ್ರೂ ಆಗುದಿಲ್ಲ. ಅವರಿಗೆಲ್ಲ ಕಾಂಬೋ ಗೊತ್ತುಂಟು. ನಂಗೆ ಒಂದು ದೊಡ್ಡ ಕಾಂಬೋ ಹೇಳಿಕೊಡು."

ಕಾಂಬೋ ಅಂದರೆ ಎದುರಿನವನಿಗೆ ತಡೆಯಲು ಬಿಡುವು ಕೊಡದೆ ಒಂದರ ಬೆನ್ನಿಗೊಂದು ಸೇರಿಸಿದ ಏಟುಗಳು. ಒಂದು ಮ್ಯಾಚ್ ಆಡು, ನೋಡ್ತೇನೆ ಅಂದೆ. ಅವನು ಆಡಿದ. ನಾನು ಟಿವಿ ನೋಡಲಿಲ್ಲ, ಅವನ ಮುಖ ನೋಡಿದೆ. ಕಣ್ಣು ಒಮ್ಮೆ ತಾನು ಆಡಿಸುವ ಪಾತ್ರ ರ‍್ಯೂ ಮೇಲೆ, ಒಮ್ಮೆ ತನ್ನ ಹೆಬ್ಬೆರಳಿನ ಮೇಲೆ, ಮತ್ತೆ ರ‍್ಯೂ ಮೇಲೆ. ಎದುರಿನವನು ನಡೆದ, ಜಿಗಿದ, ಬಗ್ಗಿದ. ಅದ್ಯಾವುದನ್ನೂ ಹುಡುಗ ನೋಡಲೇ ಇಲ್ಲ. ಏಟು ಬಿದ್ದ ಮೇಲೆಯೇ ಅವನಿಗೆ ಏಟು ಗೊತ್ತಾಗುತ್ತಿತ್ತು.

ಆವತ್ತಿನಿಂದ ಗಣೇಶನ ಹಬ್ಬದವರೆಗೆ ನಾವಿಬ್ಬರೂ ವಾರಕ್ಕೆ ಮೂರು ದಿನ ಕೂತು ಆಡಿದ್ದೇವೆ. ಹೊಸಬರಿಗೆ ಉಪಯೋಗವಾಗಬಹುದು ಅಂತ ಆ ಅನುಭವ ಬರೆಯುತ್ತಿದ್ದೇನೆ. ಈ ಆಟದಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ಎದುರಿನವನನ್ನು ನೋಡುವುದು. ಕೈಗೆ ಕೊಡುವ ಅಭ್ಯಾಸವೆಲ್ಲ ಕಣ್ಣಿಗೆ ಬಿಡುವು ಸಿಗಲಿ ಅಂತ.

ನನ್ನ ಕಲಿಕೆ ಶುರುವಾದದ್ದು ಘಾಟ್ಕೋಪರ್‌ನ ಒಂದು ಗೇಮ್ ಪಾರ್ಲರ್‌ನಲ್ಲಿ, 1990ರ ದಶಕದಲ್ಲಿ. ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. ನಮ್ಮ ಓಣಿಗೆ ಅದು ತಲುಪುವಾಗ ಎರಡು ಮೂರು ವರ್ಷ ಕಳೆದಿತ್ತು. ಆಮೇಲೆ ಕಿಂಗ್ ಆಫ್ ಫೈಟರ್ಸ್ 97 ಬಂತು, ಅದರ ಮುಂದೆ ಯಾವಾಗಲೂ ಗುಂಪು. ಒಂದು ರೂಪಾಯಿ ನಾಣ್ಯಕ್ಕೆ ಒಂದು ಆಟ. ಅಪ್ಪ ಮಾಟುಂಗದ ಹೋಟೆಲಿನಲ್ಲಿ ದುಡಿಯುತ್ತಿದ್ದರು, ನನಗೆ ವಾರಕ್ಕೆ ಸಿಗುತ್ತಿದ್ದದ್ದು ಎರಡು ಮೂರು ನಾಣ್ಯ. ಹಾಗಾಗಿ ಆಡಿದ್ದಕ್ಕಿಂತ ನಿಂತು ನೋಡಿದ್ದೇ ಜಾಸ್ತಿ. ಈಗ ಅನಿಸುತ್ತದೆ, ನನಗೆ ಸಿಕ್ಕ ದೊಡ್ಡ ಪಾಠ ಅದೇ. ಬೇರೆಯವರ ಭುಜದ ಹಿಂದೆ ನಿಂತಾಗ ನಿಮ್ಮ ಕೈಗೆ ಕೆಲಸವಿಲ್ಲ. ಇಬ್ಬರ ಆಟವೂ ಪೂರ್ತಿ ಕಾಣುತ್ತದೆ.

ಹುಡುಗನಿಗೆ ಮೊದಲ ದಿನ ಕೊಟ್ಟ ಕೆಲಸ ಇಷ್ಟೇ: ಒಂದು ಪೂರ್ತಿ ರೌಂಡ್ ಹೊಡೆಯಬೇಡ. ಒಂದು ರೌಂಡಿಗೆ 99 ಸೆಕೆಂಡ್. ಅಷ್ಟೂ ಹೊತ್ತು ಬರೀ ಬ್ಲಾಕ್ ಮಾಡು.

"ಸುಮ್ನೆ ಹೊಡೆಸಿಕೊಳ್ಳುದಾ?"

"ಹೊಡೆಸಿಕೊಳ್ಳದೆ ಇರುದು ಹೇಗೆ ಅಂತ ನೋಡು."

ಸ್ಟ್ರೀಟ್ ಫೈಟರ್‌ನಲ್ಲಿ ಬ್ಲಾಕಿಗೆ ಬೇರೆ ಬಟನ್ ಇಲ್ಲ. ಎದುರಾಳಿಯಿಂದ ಹಿಂದಕ್ಕೆ ಒತ್ತಿದರೆ ಅದೇ ಬ್ಲಾಕ್. ಕೆಳಗೆ-ಹಿಂದೆ ಮೂಲೆಗೆ ಒತ್ತಿ ಹಿಡಿದರೆ ಬಗ್ಗಿ ಬ್ಲಾಕ್. ಕಾಲಿಗೆ ಬರುವ ಏಟನ್ನು ಬಗ್ಗಿಯೇ ತಡೆಯಬೇಕು. ಮೇಲಿಂದ ಜಿಗಿದು ಬರುವ ಏಟನ್ನು ನಿಂತೇ ತಡೆಯಬೇಕು. ಮಾಮೂಲಾಗಿ ಬಗ್ಗಿಯೇ ಇರು, ಜಿಗಿದದ್ದು ಕಂಡರೆ ಎದ್ದು ನಿಲ್ಲು ಅಂದೆ. ಕೆಳಗಿನ ಒದೆತ ಬೇಗ ಬರುತ್ತದೆ, ಕಂಡು ತಡೆಯುವಷ್ಟು ಹೊತ್ತು ಇರುವುದಿಲ್ಲ. ಜಿಗಿತಕ್ಕೆ ಹೊತ್ತು ಬೇಕು, ಅದು ಕಾಣುತ್ತದೆ.

ಮೊದಲ ರೌಂಡಿನಲ್ಲಿ ಇಪ್ಪತ್ತು ಸೆಕೆಂಡಿಗೇ ಸತ್ತ. ಐದನೆಯದರಲ್ಲಿ ಒಂದು ನಿಮಿಷ ಉಳಿದ. ಆಮೇಲೆ ಅವನೇ ಹೇಳಿದ, "ಮಾವ, ಇವನು ಒಂದೇ ಕೆಲಸ ಮಾಡ್ತಾನೆ. ಎರಡು ಸಲ ಒದ್ದು ಆಮೇಲೆ ಹಾರ್ತಾನೆ." ಎರಡು ವಾರದಲ್ಲಿ ಮೊದಲ ಸಲ ಎದುರಿನವನ ಬಗ್ಗೆ ಅವನ ಬಾಯಿಂದ ಬಂದ ಮಾತು ಅದು. ನನಗೆ ಎಷ್ಟು ಖುಷಿಯಾಯಿತು ಅಂದರೆ ಎದ್ದು ಹೋಗಿ ಚಹಾ ಮಾಡಿದೆ.

ಬ್ಲಾಕ್ ಮಾಡುತ್ತಲೇ ಕೂತವನನ್ನು ಥ್ರೋ ಮಾಡಬಹುದು, ಅಂದರೆ ಹತ್ತಿರ ಬಂದು ಹಿಡಿದು ಎಸೆಯಬಹುದು. ಥ್ರೋಗೆ ಬ್ಲಾಕ್ ಉತ್ತರವಲ್ಲ. ಅದೇ ಕ್ಷಣಕ್ಕೆ ನೀವೂ ಥ್ರೋ ಒತ್ತಿದರೆ ಬಿಡಿಸಿಕೊಳ್ಳಬಹುದು. ಏಟಿಗೆ ಬ್ಲಾಕ್, ಬ್ಲಾಕಿಗೆ ಥ್ರೋ, ಥ್ರೋ ಮಾಡಲು ಬಂದವನಿಗೆ ಏಟು. ಹೋರಾಟದ ಆಟಗಳೆಲ್ಲ ಹೆಚ್ಚುಕಡಿಮೆ ಈ ಸುತ್ತಿನ ಮೇಲೆಯೇ ನಿಂತಿವೆ.

ಯಾವ ಪಾತ್ರ ಆರಿಸಬೇಕು ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಇಷ್ಟವಾದದ್ದನ್ನು ಆರಿಸಿ, ಮೂರು ತಿಂಗಳು ಬಿಡಬೇಡಿ. ಹುಡುಗ ರ‍್ಯೂ ಹಿಡಿದಿದ್ದ, ಒಳ್ಳೆಯದೇ ಆಯಿತು. ರ‍್ಯೂಗೆ ದೂರಕ್ಕೆ ಕೈಯಿಂದ ಎಸೆಯುವ ಶಕ್ತಿಯ ಉಂಡೆ ಹಡೋಕೆನ್ ಇದೆ, ಜಿಗಿದವನಿಗೆ ಮೇಲಕ್ಕೆ ಹಾರಿ ಹೊಡೆಯುವ ಮುಷ್ಟಿ ಶೋರ್ಯೂಕೆನ್ ಇದೆ, ನಡುವಿನ ದೂರಕ್ಕೆ ಒಳ್ಳೆಯ ಒದೆತ ಇದೆ. ಮಾಡರ್ನ್ ಕಂಟ್ರೋಲ್ ಇಟ್ಟರೆ ಹಡೋಕೆನ್‌ನಂಥ ಏಟುಗಳು ಒಂದೇ ಬಟನ್‌ಗೆ ಬರುತ್ತವೆ. ಹಾಗೆ ಒಂದೇ ಬಟನ್‌ಗೆ ಬಂದ ವಿಶೇಷ ಏಟಿನ ಪೆಟ್ಟು 20 ಶೇಕಡಾ ಕಡಿಮೆ, ಕೆಲವು ಸಾದಾ ಏಟುಗಳೂ ಸಿಗುವುದಿಲ್ಲ. ಆದರೂ ಹೊಸಬರಿಗೆ ಅದು ತಪ್ಪು ದಾರಿ ಅಂತ ನಾನು ಹೇಳುವುದಿಲ್ಲ. ಕೈಗೆ ಕೆಲಸ ಕಡಿಮೆಯಾದರೆ ಕಣ್ಣು ಬೇಗ ಮೇಲೇಳುತ್ತದೆ. ನಮ್ಮ ಹುಡುಗ ಕ್ಲಾಸಿಕ್, ಅಂದರೆ ದಿಕ್ಕುಗಳನ್ನೂ ಒತ್ತುವ ಹಳೆಯ ರೀತಿಯೇ ಬೇಕು ಅಂದ, ಸರಿ ಅಂದೆ.

ಕ್ಲಾಸಿಕ್‌ನಲ್ಲಿ ಹಡೋಕೆನ್‌ಗೆ ಕೆಳಗೆ, ಕೆಳಗೆ-ಮುಂದೆ, ಮುಂದೆ, ಜೊತೆಗೆ ಪಂಚ್. ಗಡಿಯಾರದ ಕಾಲು ಸುತ್ತು. ಅವನ ಹೆಬ್ಬೆರಳು ಕೆಳಗಿಂದ ಸೀದಾ ಮುಂದಕ್ಕೆ ಹಾರುತ್ತಿತ್ತು, ನಡುವಿನ ಮೂಲೆ ತಪ್ಪುತ್ತಿತ್ತು. ಟ್ರೈನಿಂಗ್ ಮೋಡ್‌ನಲ್ಲಿ ನೀವು ಒತ್ತಿದ ದಿಕ್ಕುಗಳು ಪರದೆಯ ಅಂಚಿನಲ್ಲಿ ಬಾಣಗಳಾಗಿ ಕಾಣುತ್ತವೆ. ಅದನ್ನು ತೋರಿಸಿದೆ. ಬೆರಳನ್ನು ಎತ್ತಬೇಡ, ದೋಸೆ ಹಿಟ್ಟನ್ನು ಸೌಟಿನಿಂದ ಹರಡುವ ಹಾಗೆ ಉಜ್ಜಿಕೊಂಡು ಹೋಗು ಅಂದೆ. ಮೂರನೇ ದಿನಕ್ಕೆ ಹತ್ತಕ್ಕೆ ಎಂಟು ಬರತೊಡಗಿತು. ಆಗ ಪಾತ್ರವನ್ನು ಬಲಗಡೆಗೆ ನಿಲ್ಲಿಸಿದೆ. ಮತ್ತೆ ಹತ್ತಕ್ಕೆ ಎರಡು. ಎರಡೂ ಬದಿಯಿಂದ ಹತ್ತಕ್ಕೆ ಹತ್ತು ಬರುವವರೆಗೆ ಮುಂದಿನದಕ್ಕೆ ಹೋಗಲಿಲ್ಲ. ಆಮೇಲೆ ಟಿವಿಯಲ್ಲಿ ಎದುರಾಳಿಯ ಮುಖ ಮಾತ್ರ ನೋಡುತ್ತಾ ಮಾಡಿಸಿದೆ. ಬೆರಳಿಗೆ ಅಭ್ಯಾಸವಾಗಿದೆಯೋ ಇಲ್ಲವೋ ಅಂತ ಗೊತ್ತಾಗುವುದೇ ಆಗ.

ಇನ್ನು ಅವನಿಗೆ ಬೇಕಿದ್ದ ಕಾಂಬೋ. ಸ್ಟ್ರೀಟ್ ಫೈಟರ್ 2 ಮಾಡುವಾಗ ಕಾಂಬೋ ಅಂತ ಒಂದು ಯೋಜನೆಯೇ ಇರಲಿಲ್ಲ. ಕಾರು ಒಡೆಯುವ ಬೋನಸ್ ಹಂತವನ್ನು ಪರೀಕ್ಷಿಸುವಾಗ, ಒಂದು ಏಟಿನ ಬೆನ್ನಿಗೇ ಇನ್ನೊಂದು ಏಟು ಸೇರಿಸಬಹುದು ಅಂತ ನಿರ್ಮಾಪಕ ನೊರಿಟಾಕಾ ಫುನಾಮಿಜು ಕಂಡುಕೊಂಡರು. ಇದನ್ನು ಯಾರು ಸಾಧಿಸುತ್ತಾರೆ ಅಂದುಕೊಂಡು ಹಾಗೇ ಬಿಟ್ಟರು. ಜನ ಅದನ್ನೇ ಹಿಡಿದು ಬೆಳೆಸಿದರು. ಹುಡುಗನಿಗೆ ಈ ಕತೆ ಹೇಳಿದೆ. ಕಾಂಬೋ ಆಮೇಲೆ ಬಂದದ್ದು, ಅದಿಲ್ಲದೆಯೂ ಆಟ ಇತ್ತು ಅಂದೆ. ಒಂದೇ ಒಂದು ಕಾಂಬೋ ಕೊಟ್ಟೆ. ಬಗ್ಗಿ ಮೀಡಿಯಂ ಕಿಕ್, ಅದು ತಾಗಿದ ಕೂಡಲೇ ಹಡೋಕೆನ್. ಎರಡೇ ಏಟು. ಬಹಳ ದಿನ ಇಷ್ಟೇ ಸಾಕು.

ಆ ಒದೆತ ತಾಗಬೇಕಾದರೆ ಎಲ್ಲಿ ನಿಲ್ಲಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಇಲ್ಲಿ ನನಗೆ ನೆರವಾದದ್ದು ಕಬಡ್ಡಿ.

ನಾನು ಘಾಟ್ಕೋಪರ್‌ನ ಚಾಳಿನ ಮೈದಾನದಲ್ಲಿ ಏಳು ವರ್ಷ ಕಬಡ್ಡಿ ಆಡಿದ್ದೇನೆ, ಮೂಲೆಯಲ್ಲಿ. ರೇಡಿಗೆ ಬಂದವನು ಕಾಲು ಚಾಚುತ್ತಾನೆ. ಅವನ ಹೆಬ್ಬೆರಳು ನಿಮಗೆ ಒಂದು ಗೇಣು ಕಡಿಮೆ ಬೀಳಬೇಕು. ಒಂದು ಮಾರು ದೂರ ನಿಂತರೆ ಅವನು ಕಾಲು ಚಾಚುವುದೇ ಇಲ್ಲ. ತೀರ ಹತ್ತಿರ ನಿಂತರೆ ಮುಟ್ಟಿ ಹೋಗುತ್ತಾನೆ. ಸರಿಯಾದ ದೂರದಲ್ಲಿ ನಿಂತರೆ ಅವನಿಗೆ ಆಸೆ ಹುಟ್ಟುತ್ತದೆ. ಚಾಚುತ್ತಾನೆ, ನೀವು ಅರ್ಧ ಹೆಜ್ಜೆ ಹಿಂದೆ ಸರಿಯುತ್ತೀರಿ, ಕಾಲು ತಪ್ಪುತ್ತದೆ. ಆ ಕಾಲನ್ನು ಅವನು ವಾಪಸ್ ಎಳೆದುಕೊಳ್ಳುವ ಕ್ಷಣ ಇದೆಯಲ್ಲ, ಅದು ನಿಮ್ಮದು. ಹರಡನ್ನು, ಅಂದರೆ ಪಾದದ ಮೇಲಿನ ಗಂಟನ್ನು ಹಿಡಿಯಬೇಕು.

ಸ್ಟ್ರೀಟ್ ಫೈಟರ್‌ನಲ್ಲೂ ಲೆಕ್ಕ ಅದೇ. ಪ್ರತಿ ಏಟಿಗೆ ಮೂರು ಭಾಗ: ಕೈ ಎತ್ತುವುದು, ತಾಗುವುದು, ವಾಪಸ್ ಎಳೆದುಕೊಳ್ಳುವುದು. ಎಳೆದುಕೊಳ್ಳುವಾಗ ಅವನು ಬ್ಲಾಕ್ ಮಾಡಲಾರ, ಓಡಲಾರ. ತಪ್ಪಿದ ಒದೆತ ಅಂದರೆ ನಿಮಗೆ ಬಿಟ್ಟುಕೊಟ್ಟ ಕಾಲು.

ಹೇಳಿದರೆ ಹುಡುಗನಿಗೆ ಅರ್ಥವಾಗಲಿಲ್ಲ. ಹಾಲ್‌ನಲ್ಲಿ ಎದ್ದು ನಿಂತೆವು. ನಮ್ಮ ನೆಲಕ್ಕೆ ಎರಡು ಅಡಿಯ ಟೈಲ್ಸ್ ಇದೆ. ಒಂದು ಗೆರೆಯ ಮೇಲೆ ಅವನನ್ನು ನಿಲ್ಲಿಸಿ ನಾನು ಕಾಲು ಚಾಚಿದೆ. ತಾಗಿತು. ಅರ್ಧ ಟೈಲ್ ಹಿಂದೆ ಹೋಗು ಅಂದೆ. ಚಾಚಿದೆ, ತಪ್ಪಿತು. "ಈಗ ಹಿಡಿ!" ಅವನು ಬಗ್ಗಿ ನನ್ನ ಹರಡು ಹಿಡಿದ. ಎರಡನೇ ಸಲ ಬೇಗ ಹಿಡಿದ. ಮೂರನೇ ಸಲ ನಾನು ಚಾಚುವ ಮೊದಲೇ ಅವನ ಕಣ್ಣು ನನ್ನ ಸೊಂಟದ ಮೇಲಿತ್ತು. ಕಾಲು ಏಳುವ ಮೊದಲು ಸೊಂಟ ತಿರುಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಟ್ರೈನಿಂಗ್ ಮೋಡ್‌ನಲ್ಲಿ ನೆಲದ ಗೆರೆಗಳನ್ನು ನೋಡಿದ. ಆ ಪರದೆಯ ನೆಲದಲ್ಲೂ ಚೌಕಗಳಿವೆ. ರ‍್ಯೂವಿನ ಬಗ್ಗಿದ ಒದೆತ ಎಲ್ಲಿಯವರೆಗೆ ಹೋಗುತ್ತದೆ ಅಂತ ತಾನೇ ಅಳೆದ. ಒಂದು ಗಂಟೆ ಆ ಒಂದೇ ಒದೆತ. ನಾನು ಅಡ್ಡ ಬಾಯಿ ಹಾಕಲಿಲ್ಲ.

ಜಿಗಿದು ಬರುವವನನ್ನು ಹೊಡೆಯುವುದು ಇನ್ನೊಂದು ದೊಡ್ಡ ಕೆಲಸ. ಹೊಸಬರ ಆಟದಲ್ಲಿ ಎಲ್ಲರೂ ಹಾರುತ್ತಾರೆ, ಯಾಕೆಂದರೆ ಯಾರೂ ತಡೆಯುವುದಿಲ್ಲ. ಆದರೆ ಈ ಆಟದಲ್ಲಿ ಗಾಳಿಯಲ್ಲಿ ಬ್ಲಾಕ್ ಇಲ್ಲ. ಹಾರಿದವನು ಎಲ್ಲಿ ಇಳಿಯುತ್ತಾನೆ ಅನ್ನುವುದೂ ನೆಲ ಬಿಟ್ಟಾಗಲೇ ನಿರ್ಧಾರವಾಗಿರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪರದೆಯ ಒಂದೊಂದು ಚಿತ್ರ ಒಂದು ಫ್ರೇಮ್, ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತದೆ. ರ‍್ಯೂವಿನ ಲೈಟ್ ಪಂಚ್ ತಾಗಲು 4 ಫ್ರೇಮ್ ಸಾಕು. ಥ್ರೋಗೆ 5. ಕಣ್ಣಿಗೆ ಕಂಡು ಬೆರಳು ಒತ್ತುವಷ್ಟರಲ್ಲಿ ನಮ್ಮಂಥವರಿಗೆ ಹೆಚ್ಚುಕಡಿಮೆ ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಹೋಗಿರುತ್ತದೆ. ಅಂದಮೇಲೆ ಲೈಟ್ ಪಂಚನ್ನು ನೋಡಿ ತಡೆಯಲು ಯಾರಿಂದಲೂ ಆಗುವುದಿಲ್ಲ. ಅದು ಬರಬಹುದು ಅಂತ ಮೊದಲೇ ಬ್ಲಾಕ್ ಹಿಡಿದಿರಬೇಕು. ಆದರೆ ಒಂದು ಜಿಗಿತಕ್ಕೆ ಸುಮಾರು 45 ಫ್ರೇಮ್, ಮುಕ್ಕಾಲು ಸೆಕೆಂಡ್. ಬಣ್ಣ ಚೆಲ್ಲಿಕೊಂಡು ಬರುವ ಡ್ರೈವ್ ಇಂಪ್ಯಾಕ್ಟ್ ಅನ್ನುವ ದೊಡ್ಡ ಏಟಿಗೆ 26 ಫ್ರೇಮ್. ಇವೆರಡನ್ನೂ ಕಂಡು ಉತ್ತರ ಕೊಡಬಹುದು. ಹುಡುಗನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿದೆ, ಕಂಡು ಹೊಡೆಯುವುದು ಯಾವುದು, ಊಹಿಸಿ ತಡೆಯುವುದು ಯಾವುದು ಅಂತ. ನಾನು ಇಷ್ಟು ವರ್ಷ ಆಡಿ ತಿಳಿದುಕೊಂಡದ್ದರಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಊಹಿಸಬೇಕಾದದ್ದನ್ನು ಕಂಡು ತಡೆಯಲು ಹೋದರೆ ಕೈ ಗಡಿಬಿಡಿಯಾಗುತ್ತದೆ. ಕಂಡು ಹೊಡೆಯಬಹುದಾದದ್ದನ್ನು ಊಹಿಸಲು ಹೋದರೆ ಸುಮ್ಮನೆ ಸೋಲುತ್ತೀರಿ.

ಜಿಗಿತಕ್ಕೆ ಶೋರ್ಯೂಕೆನ್ ಬೇಡ ಅಂದೆ, ಸದ್ಯಕ್ಕೆ. ಬಗ್ಗಿ ಹೆವಿ ಪಂಚ್ ಸಾಕು. ರ‍್ಯೂ ಮುಷ್ಟಿಯನ್ನು ಮೇಲಕ್ಕೆತ್ತಿ ಹೊಡೆಯುತ್ತಾನೆ. ಟ್ರೈನಿಂಗ್ ಮೋಡ್‌ನ ಡಮ್ಮಿಗೆ, ಅಂದರೆ ಅಭ್ಯಾಸಕ್ಕೆ ನಿಲ್ಲುವ ಎದುರಾಳಿಗೆ, ಮೂರು ಚಲನೆ ರೆಕಾರ್ಡ್ ಮಾಡಿದೆ. ಒಂದರಲ್ಲಿ ಹಾರಿ ಬರುತ್ತದೆ, ಒಂದರಲ್ಲಿ ಮುಂದೆ ನಡೆಯುತ್ತದೆ, ಒಂದರಲ್ಲಿ ಹಡೋಕೆನ್ ಎಸೆಯುತ್ತದೆ. ಯಾವುದು ಯಾವಾಗ ಅಂತ ಆಟವೇ ಆರಿಸುವಂತೆ ಇಟ್ಟೆ. ಬರೀ ಜಿಗಿತವನ್ನೇ ಇಟ್ಟರೆ ಪ್ರಯೋಜನವಿಲ್ಲ, ಬೆರಳು ತಾಳಕ್ಕೆ ಒತ್ತುತ್ತದೆ, ಕಣ್ಣು ಕಲಿಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ, ಮನೆಪಾಠಕ್ಕೆ ಮೊದಲು. ಮೊದಲ ವಾರ ಪ್ರತಿ ಸಲ ತಡವಾಗುತ್ತಿತ್ತು. ಎದುರಾಳಿ ಮೇಲೆ ಬಂದ ಮೇಲೆ ಅಲ್ಲ, ಅವನ ಪಾದ ನೆಲ ಬಿಟ್ಟಾಗ ಒತ್ತಲು ತಯಾರಾಗು ಅಂದೆ. ಎದುರಾಳಿಯ ಪಾದ ನೋಡಲು ಶುರುಮಾಡಿದ ಮೇಲೆ ಹೊಡೆತ ಕೂಡಿಬಂತು.

ಈ ಮಾತಿಗೆ ಸರಿಯಾಗಿ ಒಂದು ರಾತ್ರಿ ಅವನಿಗೆ ಹೋರಾಟದ ಆಟಗಳ ದೊಡ್ಡ ಸ್ಪರ್ಧೆ ಇವೋದ 2004ರ ಒಂದು ಪಂದ್ಯದ ವಿಡಿಯೋ ತೋರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಜಪಾನಿನ ಡೈಗೋ ಉಮೆಹಾರ ಮತ್ತು ಅಮೆರಿಕದ ಜಸ್ಟಿನ್ ವಾಂಗ್ ಸ್ಟ್ರೀಟ್ ಫೈಟರ್ 3ರ ಥರ್ಡ್ ಸ್ಟ್ರೈಕ್ ಆಡುತ್ತಿದ್ದಾರೆ. ಡೈಗೋನ ಕೆನ್‌ಗೆ ಉಳಿದಿರುವ ಜೀವ ಕೂದಲೆಳೆಯಷ್ಟು. ಬ್ಲಾಕ್ ಮಾಡಿದರೂ ಸಾಯುವ ಸ್ಥಿತಿ. ಜಸ್ಟಿನ್‌ನ ಚುನ್-ಲಿ ಸಾಲಾಗಿ 15 ಒದೆತಗಳ ಸೂಪರ್, ಅಂದರೆ ತನ್ನ ದೊಡ್ಡ ಏಟು, ಬಿಡುತ್ತಾಳೆ. ಆ ಆಟದಲ್ಲಿ ಏಟು ತಾಗುವ ಕ್ಷಣಕ್ಕೇ ಮುಂದಕ್ಕೆ ಒತ್ತಿದರೆ ಜೀವ ಕಳೆಯದೆ ಅದನ್ನು ತಳ್ಳಬಹುದು, ಗಾಳಿಯಲ್ಲೂ. ಡೈಗೋ ಒಂದೊಂದನ್ನೂ ಸರಿಯಾದ ಕ್ಷಣಕ್ಕೆ ಮುಂದಕ್ಕೆ ಒತ್ತಿ ತಳ್ಳುತ್ತಾನೆ, ಹದಿನೈದನ್ನೂ. ಕೊನೆಯದನ್ನು ಹಾರಿ ಗಾಳಿಯಲ್ಲಿ ತಡೆದು, ವಾಪಸ್ ಹೊಡೆದು ಗೆಲ್ಲುತ್ತಾನೆ. ಹುಡುಗ ಐದು ಸಲ ಹಾಕಿಸಿದ. ಎಲ್ಲರೂ ಆ ಹದಿನೈದು ಒದೆತ ನೋಡುತ್ತಾರೆ. ಅದಕ್ಕೂ ಮೊದಲಿನ ಕೆಲವು ಸೆಕೆಂಡ್ ನೋಡು ಅಂದೆ. ಸೂಪರ್ ಶುರುವಾದ ಮೇಲೆ ಮೊದಲ ಒದೆತಕ್ಕೆ ಹೊತ್ತೇ ಇರುವುದಿಲ್ಲ. ಡೈಗೋ ದೂರ ನಿಂತು, ಇವನು ಈಗ ಇದನ್ನೇ ಬಿಡುತ್ತಾನೆ ಅಂತ ಕಾಯುತ್ತಿದ್ದಾನೆ. ಅಲ್ವಾ?

ಬಾಗಿಲಲ್ಲಿ ನಿಂತಿದ್ದ ಅಕ್ಕ, "ನಿಂಗೆ ನಲವತ್ತಮೂರಾಯ್ತು, ಇನ್ನೂ ಇದೇ ಆಟವಾ?" ಅಂದಳು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಅದನ್ನು ಹೇಳಿದೆ. ಅಕ್ಕ ಒಳಗೆ ಬಂದು ಕೂತು ವಿಡಿಯೋ ಆರನೇ ಸಲ ಹಾಕಿಸಿದಳು.

ಆಗಸ್ಟ್‌ನಲ್ಲಿ ಅವನು ಮತ್ತೆ ಆನ್‌ಲೈನ್‌ಗೆ ಹೋದ. ಮೂರು ನಿಯಮ ಹಾಕಿದೆ. ಸಾಧ್ಯವಾದರೆ ವೈಫೈ ಬೇಡ, ತಂತಿ ಹಾಕಿ ಆಡು, ಇಲ್ಲದಿದ್ದರೆ ಎದುರಿನವನಿಗೂ ಆಟ ಕೆಡುತ್ತದೆ. ನಮ್ಮ ರೂಟರ್ ಬೆಡ್‌ರೂಮಿನಲ್ಲಿದೆ, ಹಾಲ್‌ವರೆಗೆ ಹದಿನೈದು ಮೀಟರ್ ಕೇಬಲ್ ಲ್ಯಾಮಿಂಗ್ಟನ್ ರೋಡಿನಿಂದ ತಂದು ಗೋಡೆಯಂಚಿಗೆ ಹೊಡೆದೆ. ಎರಡನೆಯದು, ಸಾಲಾಗಿ ಮೂರು ಆಟ ಸೋತರೆ ನಿಲ್ಲಿಸಿ ನೀರು ಕುಡಿ. ಮೂರನೆಯದು, ಸೋತ ಪ್ರತಿ ಮ್ಯಾಚಿನ ರೀಪ್ಲೇಯಲ್ಲಿ ಒಂದೇ ಒಂದು ಪ್ರಶ್ನೆ ಹಾಕು: ಯಾವ ಏಟು ನನಗೆ ಜಾಸ್ತಿ ಬಿತ್ತು?

ಮೊದಲು ಅವನು ಪ್ರತಿ ಸಲ "ಅವನು ಚೆನ್ನಾಗಿ ಆಡ್ತಾನೆ" ಅನ್ನುತ್ತಿದ್ದ. ಅದು ಉತ್ತರ ಅಲ್ಲ. ಎರಡು ವಾರದ ಮೇಲೆ, "ನಾನು ಶೋರ್ಯೂಕೆನ್ ಬ್ಲಾಕ್ ಮಾಡಿದೆ, ಆಮೇಲೆ ಸುಮ್ನೆ ನಿಂತೆ. ಹೊಡಿಬಹುದಿತ್ತು" ಅಂದ. ಅದು ಉತ್ತರ. ಬ್ಲಾಕ್ ಆದ ಶೋರ್ಯೂಕೆನ್ ಹೊಡೆದವನು ಮೇಲಿಂದ ಇಳಿಯುವವರೆಗೆ ಏನೂ ಮಾಡಲಾರ. ಅಂಥ ಹೊತ್ತನ್ನು ನಾವು ಮನೆಯಲ್ಲಿ ಪಾಳಿ ಅನ್ನುತ್ತೇವೆ. ಈಗ ಯಾರ ಪಾಳಿ? ನಿನ್ನ ಪಾಳಿ ಇದ್ದಾಗ ಹೊಡಿ, ಅವನ ಪಾಳಿ ಇದ್ದಾಗ ತಡಿ. ಫ್ರೇಮಿನ ಪಟ್ಟಿಯೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಟ್ರೈನಿಂಗ್ ಮೋಡ್‌ನ ಫ್ರೇಮ್ ಮೀಟರ್ ಹಾಕಿಟ್ಟರೆ ಯಾರು ಮೊದಲು ಬಿಡುವಾದರು ಅಂತ ಬಣ್ಣದ ಪಟ್ಟಿಯಲ್ಲೇ ಕಾಣುತ್ತದೆ.

ಡ್ರೈವ್ ಇಂಪ್ಯಾಕ್ಟಿನಂಥ ಏಟಿಗೆ ಖರ್ಚಾಗುವ ಡ್ರೈವ್ ಗೇಜ್ ಬಗ್ಗೆ ಹೆಚ್ಚು ಹೇಳಲಿಲ್ಲ. ಆರು ಖಾನೆ ಇರುತ್ತವೆ, ಬ್ಲಾಕ್ ಮಾಡಿದರೂ ಕರಗುತ್ತವೆ, ಪೂರ್ತಿ ಖಾಲಿಯಾದರೆ ಪಾತ್ರ ಸುಸ್ತಾಗುತ್ತದೆ, ಆಗ ಗೋಡೆಯ ಬದಿಗೆ ಹೋಗಬೇಡ. ಉಳಿದದ್ದು ಆಡುತ್ತಾ ಬರುತ್ತದೆ.

ಗಣೇಶನ ಹಬ್ಬಕ್ಕೆ ಪುಣೆಯಿಂದ ಭಾವನ ಕಡೆಯ ಹುಡುಗ ಬಂದಿದ್ದ. ಹದಿನಾರು ವರ್ಷ, ನಮ್ಮವನಿಗಿಂತ ತುಂಬಾ ಆಡಿದವನು. ಪೂಜೆ ಮುಗಿದು ಎಲೆ ಹಾಕುವವರೆಗೆ ಇಬ್ಬರೂ ಕೂತರು. ನಾನು ಹಿಂದೆ ನಿಂತೆ, ಪಾರ್ಲರ್‌ನಲ್ಲಿ ನಿಲ್ಲುತ್ತಿದ್ದ ಹಾಗೆ.

ಮೊದಲ ರೌಂಡಿನಲ್ಲಿ ಪುಣೆಯವನು ನಾಲ್ಕು ಸಲ ಹಾರಿದ. ಮೂರು ಸಲ ಹೆವಿ ಪಂಚ್ ತಿಂದ. ನಮ್ಮವನು ಗೆದ್ದ. ಎರಡನೆಯದರಲ್ಲಿ ಅವನು ಹಾರುವುದನ್ನೇ ನಿಲ್ಲಿಸಿ ನಡೆದು ಬಂದು ಥ್ರೋ ಮಾಡಿದ, ಮತ್ತೆ ಥ್ರೋ, ಮತ್ತೆ. ಅದನ್ನು ಅವನೇ ಗೆದ್ದ. ಮೂರನೆಯದರಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಜೀವ ಉಳಿದಿತ್ತು. ಪುಣೆಯವನು ಕಾಲಿಗೆ ಉದ್ದದ ಒದೆತ ಬೀಸಿದ. ನಮ್ಮವನು ಅಷ್ಟರಲ್ಲೇ ಅರ್ಧ ಹೆಜ್ಜೆ ಹಿಂದೆ ಹೋಗಿದ್ದ. ಒದೆತ ಅವನ ಮುಂದೆ ಖಾಲಿ ನೆಲದ ಮೇಲೆ ಹೋಯಿತು. ಬಗ್ಗಿ ಮೀಡಿಯಂ ಕಿಕ್, ಹಡೋಕೆನ್. ಆಟ ಮುಗಿಯಲಿಲ್ಲ, ಆಮೇಲೆ ಪುಣೆಯವನೇ ಗೆದ್ದ. ಆದರೆ ಅವನು ಕಂಟ್ರೋಲರ್ ಕೆಳಗಿಟ್ಟು ಕೇಳಿದ್ದು ಆ ಒಂದು ಒದೆತದ ಬಗ್ಗೆ.

"ನಾನು ಹೊಡೀತೇನೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ. ನೀನು ಹೊಡೆಯುವ ಜಾಗದಲ್ಲಿ ನಿಂತಿದ್ದೆ. ಏಳು, ತೋರಿಸ್ತೇನೆ."

ಅಡುಗೆಮನೆಯಿಂದ ಅಕ್ಕ ಊಟಕ್ಕೆ ಕರೆಯುತ್ತಿದ್ದಳು. ಇಬ್ಬರೂ ಹಬ್ಬದ ಪಂಚೆ ಎತ್ತಿ ಕಟ್ಟಿ ಹಾಲ್‌ನ ಟೈಲ್ಸ್ ಮೇಲೆ ಎದುರುಬದುರು ನಿಂತರು. ನಮ್ಮವನು ಗೆರೆ ನೋಡಿಕೊಂಡು ಅರ್ಧ ಟೈಲ್ ಹಿಂದೆ ಸರಿದು, "ಹಾಂ, ಈಗ ಕಾಲು ಚಾಚು" ಅಂದ.